ಆದರೆ ಮೇಡಂ ಕುರ್ಚಿ ಬಿಟ್ಟ ಶುಕ್ರವಾರ

ಗ್ರಂಥಪಾಲಕರು ಮೈಕಿನ ಮುಂದೆ ನಿಂತು, ಇವತ್ತಿನ ಮುಖ್ಯ ಅತಿಥಿ ಬದುಕಿನಲ್ಲಿ ಎಂಥ ಎತ್ತರಕ್ಕೆ ಏರಿದವರು ಎಂಬುದನ್ನು ವಿವರಿಸುತ್ತಿದ್ದರು. ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ಮುಖ್ಯ ಅತಿಥಿ ಇಳಿಯುತ್ತಿದ್ದ.

ಧಡಕ್ಕನೆ ಬಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅಯ್ಯೋ ಪಾಪ ಎಂದು ನಾಲ್ಕು ಜನ ಓಡಿ ಬರುತ್ತಿದ್ದರು. ಇದು ಹಾಗಲ್ಲ. ಕುರ್ಚಿ 'ಉಸ್' ಎಂದು ಸಣ್ಣಗೆ ನಿಟ್ಟುಸಿರು ಬಿಡುತ್ತಾ ಅರ್ಧರ್ಧ ಇಂಚು ಕೆಳಗಿಳಿಯಿತು. ಅತಿಥಿಗೆ ಮೊದಲು ಮೇಜು ಮೇಲೆದ್ದು ಬರುತ್ತಿದೆ ಎನ್ನಿಸಿತು. ಆಮೇಲೆ ನೀರಿನ ಬಾಟಲಿಯ ಮುಚ್ಚಳ ಕಣ್ಣಿಗೆ ಅಡ್ಡ ಬಂತು. ಬೆನ್ನು ನೆಟ್ಟಗೆ ಮಾಡಿದ, ಕತ್ತು ಚಾಚಿದ, ಏನೂ ಆಗದವನಂತೆ ನಗು ಇಟ್ಟುಕೊಂಡ. 'ಆ ಮಹನೀಯರು ಇವರೇ' ಎಂದು ಗ್ರಂಥಪಾಲಕರು ಕೈ ಬೀಸಿ ತಿರುಗುವ ಹೊತ್ತಿಗೆ ಮೇಜಿನ ಮೇಲೆ ಕುಂಬಳಕಾಯಿ ಇಟ್ಟಂತೆ ಒಂದು ತಲೆ ಮಾತ್ರ ಉಳಿದಿತ್ತು.

ಆ ತಲೆ ಯಾರದೆಂದು ಹೇಳದೆ ಜಾರಿಕೊಳ್ಳಬಹುದಿತ್ತು. ಆದರೆ ಸಭೆಯಲ್ಲಿ ಮೂವತ್ತೆಂಟು ಜನ ಇದ್ದರು, ಅವರಲ್ಲಿ ಒಬ್ಬರಾದರೂ ಇದನ್ನು ಓದಿಯಾರು. ಅದು ಈ ಕಥೆ ಹೇಳುತ್ತಿರುವವನದೇ ತಲೆ. ಅವನ ತೂಕ ತೊಂಬತ್ತಾರು ಕೆ.ಜಿ. ಈ ಅಂಕಿ ಕಥೆಗೆ ಬೇಕು, ಇಲ್ಲದಿದ್ದರೆ ಪ್ರಾಣ ಹೋದರೂ ಬಾಯಿ ಬಿಡುತ್ತಿರಲಿಲ್ಲ. ಇನ್ನು ಮುಂದೆ ಅವನನ್ನು ಅತಿಥಿ ಎಂದಷ್ಟೇ ಕರೆಯೋಣ. ಅವನಿಗೂ ಮುಖ ಮುಚ್ಚಿಕೊಳ್ಳಲು ಒಂದು ತುಂಡು ಬಟ್ಟೆ ಬೇಕಲ್ಲ.

ಸಭೆಗೆ ಸಭೆಯೇ ನಕ್ಕಿತು. ನಗದೆ ಉಳಿದವರು ಇಬ್ಬರು. ಒಬ್ಬ ಅತಿಥಿ. ಇನ್ನೊಬ್ಬರು ಹಿಂದಿನ ಗೋಡೆಗೆ ಒರಗಿ ನಿಂತಿದ್ದ, ಕಡ್ಡಿಯಂಥ ಹೆಂಗಸು. ವಯಸ್ಸು ನಲವತ್ತೈದರ ಆಚೆ. ಎದುರಿನ ಗಡಿಯಾರದಲ್ಲಿ ಆಗ ಮೂರೂ ಇಪ್ಪತ್ತು. ಅತಿಥಿ ಮುಳುಗಿದ ಕುರ್ಚಿಯನ್ನು ರಿಪೇರಿ ಮಾಡಿದ್ದು ಅವರೇ. ಆವತ್ತು ಉದ್ಘಾಟನೆಯಾಗುತ್ತಿದ್ದ ಆ ಓದುವ ಕೋಣೆಯ ನಲವತ್ತು ಕುರ್ಚಿಗಳನ್ನೂ ಅವರೇ ರಿಪೇರಿ ಮಾಡಿದ್ದರು. ಅದು ಅವರ ಹೊಸ ಅಂಗಡಿಯ ಮೊದಲ ಕೆಲಸ. ಇನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಅವರ ಇಪ್ಪತ್ತೊಂದು ವರ್ಷದ ನೌಕರಿ ಮುಗಿಯುವುದಿತ್ತು. ಅಷ್ಟರೊಳಗೆ ಒಂದು ಫೋನ್ ಮಾಡಿದರೆ, ಮುಗಿಯದೆಯೂ ಇರುವುದಿತ್ತು.

ಅವರನ್ನು ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದುದು 'ಆದರೆ ಮೇಡಂ' ಎಂದು. ದೊಡ್ಡ ಕಂಪನಿ, ಏಳನೆಯ ಮಹಡಿ, ತೆರೆಯಲು ಬಾರದ ಗಾಜಿನ ಕಿಟಕಿಗಳು. ಯಾವ ಹೊಸ ಯೋಜನೆಯೇ ಆಗಲಿ, ಮೇಲಿನವರ ಸಹಿಗೆ ಹೋಗುವ ಮುಂಚೆ ಅವರ ಮೇಜು ದಾಟಬೇಕು. ಅದರಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡುವುದೇ ಅವರ ಕೆಲಸ, ಸಂಬಳ ಅದಕ್ಕೇ. 'ಯೋಜನೆ ಚೆನ್ನಾಗಿದೆ. ಆದರೆ' ಎಂದು ಶುರು ಮಾಡಿದರೆ ಒಂದೂವರೆ ಪುಟ. ಕೊನೆಯಲ್ಲಿ 'ಶಿಫಾರಸು: ಬೇಡ' ಎಂದು ಬರೆದು ಸಹಿ ಹಾಕಿದರೆ ಮುಗಿಯಿತು, ಆ ಯೋಜನೆಗೆ ಎಳ್ಳುನೀರು. ಅದನ್ನು ಮೀರಿ ಮುಂದುವರಿದವರು ಇಬ್ಬರು ಮೂವರಿದ್ದರು. ಮೇಡಂ ಯಾವ ಸಾಲಿನಲ್ಲಿ ಕೆಡುತ್ತದೆ ಎಂದಿದ್ದರೋ ಅದೇ ಸಾಲಿನಲ್ಲಿ ಕೆಟ್ಟು ಕೂತರು. ಕ್ಯಾಂಟೀನಿನಲ್ಲಿ ಜನ ಆಡಿಕೊಳ್ಳುತ್ತಿದ್ದರು: "ಆದರೆ ಮೇಡಂಗೆ ಮದುವೆ ಕಾಗದ ಕೊಟ್ಟೀರ ಹುಷಾರು. ಹುಡುಗನ ಹೆಸರಿನ ಕೆಳಗೆ ಗೆರೆ ಎಳೆದು ವಾಪಸ್ ಕಳಿಸ್ತಾರೆ."

ಈ ಮೇಡಂ ಕುರ್ಚಿಯ ಹಿಂದೆ ಬಿದ್ದದ್ದು ಆರು ವರ್ಷದ ಕೆಳಗೆ. ಅವರದೇ ಕುರ್ಚಿ ಇಳಿಯಲು ಶುರುವಾಗಿತ್ತು. ಎತ್ತರ ಹೆಚ್ಚು ಕಡಿಮೆ ಮಾಡಲು ಕುರ್ಚಿಯ ನಡುವೆ ಒಂದು ಕಂಬ ಇರುತ್ತದಲ್ಲ, ಜನ ಹೈಡ್ರಾಲಿಕ್ ಅನ್ನುವುದು, ಅದು ಸತ್ತಿತ್ತು. ನಿರ್ವಹಣೆ ವಿಭಾಗಕ್ಕೆ ಬರೆದರು. ನಾಲ್ಕು ತಿಂಗಳ ಮೇಲೆ 'ತಮ್ಮ ಕೋರಿಕೆ ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಾಗ, ಅದನ್ನು ಅವರು ಓದಿದ್ದು ಗಲ್ಲವನ್ನು ಮೇಜಿನ ಅಂಚಿಗೆ ಇಟ್ಟುಕೊಂಡು. ಶನಿವಾರ ಕುರ್ಚಿಯನ್ನೇ ಮನೆಗೆ ಹೊತ್ತು ತಂದರು.

ಬಾಗಿಲಲ್ಲಿ ಕೂತಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಆಫೀಸಿನ ಕೆಲಸ ಮನೆಗೆ ತರೋರನ್ನ ನೋಡಿದ್ದೆ ಕಣಮ್ಮ. ಆಫೀಸನ್ನೇ ತಂದಿದ್ದು ನೀನೇ ಮೊದಲು."

ಪೇಟೆಯಿಂದ ತಂದ ಹೊಸ ಕಂಬ, ಪೈಪ್ ಹಿಡಿದು ತಿರುಗಿಸುವ ಪಾನ, ಸುತ್ತಿಗೆ, ಒಂದಿಷ್ಟು ಗ್ರೀಸ್. ಮಧ್ಯಾಹ್ನದೊಳಗೆ ಕುರ್ಚಿ ಎದ್ದು ನಿಂತಿತು. ಕೂತು ನೋಡಿದ ಮೇಡಂಗೆ ಏನೋ ಹೊಸದು ಅನ್ನಿಸಿತು. ಇಷ್ಟು ವರ್ಷ ಎಲ್ಲಿ ಮುರಿಯುತ್ತದೆ ಎಂದು ಹೇಳಿ ಮನೆಗೆ ಬರುತ್ತಿದ್ದರೇ ಹೊರತು, ಮುರಿದದ್ದನ್ನು ಕೂಡಿಸಿ ಬಂದದ್ದಿಲ್ಲ. ಸೋಮವಾರದಿಂದ ಏಳನೆಯ ಮಹಡಿಯಲ್ಲಿ ಕುಂಟುವ ಕುರ್ಚಿಗಳೆಲ್ಲ ಅವರ ಮೇಜಿನ ಬಳಿ ಸಾಲುಗಟ್ಟಿದವು. ನಾಲ್ಕು ವರ್ಷದಲ್ಲಿ ಎಂಟನೆಯ, ಒಂಬತ್ತನೆಯ ಮಹಡಿಗಳಿಂದಲೂ ಇಳಿದು ಬಂದವು. ಕುರ್ಚಿಯನ್ನು ಮುಟ್ಟದೆ, ಅದರ ಮೇಲೆ ಕೂತವರ ಭುಜ ನೋಡಿಯೇ, 'ಎಡಗಡೆ ಬೋಲ್ಟ್ ಹೋಗಿದೆ' ಎನ್ನುವ ಮಟ್ಟಕ್ಕೆ ಕೈ ಕುದುರಿತು.

ಆಮೇಲೆ ಒಂದು ದಿನ ರಾಜೀನಾಮೆ ಬರೆದುಕೊಟ್ಟರು. ಎರಡು ತಿಂಗಳ ನೋಟಿಸು. ಬರೆದುಕೊಟ್ಟಾಗ ಅಳುಕಲಿಲ್ಲ. ಅಳುಕಿದ್ದು ಆಮೇಲೆ ಬಂದ ಭಾನುವಾರ. ಊಟದ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು, ಇಪ್ಪತ್ತೊಂದು ವರ್ಷದ ಅಭ್ಯಾಸಬಲದಿಂದ, ತಮ್ಮ ಅಂಗಡಿಯಲ್ಲಿ ಏನೇನು ಕೆಡಬಹುದು ಎಂದು ಬರೆದರು. ಮೂವತ್ತೊಂದು ಸಾಲಾಯಿತು.

ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹಾಳೆ ಕಂಡರೆ ಕೆಂಪು ಪೆನ್ನಿಗೆ ಕೈ ಹಾಕುವ ಜಾತಿ.

"ಹದಿನಾಲ್ಕನೇದು, 'ಜನ ಕೂರುವುದನ್ನೇ ಬಿಟ್ಟರೆ?' ಇದೇನೇ ಇದು?"

"ಈಗ ನಿಂತು ಕೆಲಸ ಮಾಡೋ ಮೇಜು ಬಂದಿದೆಯಲ್ಲಾ ರೀ."

"ಇಪ್ಪತ್ತೆರಡು, 'ನನಗೆ ಈ ಕೆಲಸ ನಿಜವಾಗಿ ಬರದೇ ಇದ್ದರೆ?' ಇದು ಒಂಬತ್ತರಲ್ಲೂ ಇದೆ, ಹದಿನೇಳರಲ್ಲೂ ಇದೆ. ಒಂದೇ ಉತ್ತರಕ್ಕೆ ಮೂರು ಸಲ ಅಂಕ ಕೊಡಲ್ಲ ನಾನು."

"ಅಲ್ಲಿ ಬೇರೆ ಬೇರೆ ಅರ್ಥದಲ್ಲಿ ಬರೆದಿದ್ದೀನಿ."

ಮೇಷ್ಟ್ರ ಪೆನ್ನು ಹಾಳೆಯ ಕೊನೆಗೆ ಬಂದು ನಿಂತಿತು. ಅಲ್ಲಿ ಅಚ್ಚುಕಟ್ಟಾಗಿ 'ಶಿಫಾರಸು: ಬೇಡ' ಎಂದಿತ್ತು. ಕೆಳಗೆ ಸಹಿ. ಬರೆಯುವ ಭರದಲ್ಲಿ ಕೈ ತನ್ನಷ್ಟಕ್ಕೆ ತಾನೇ ಹಾಕಿಬಿಟ್ಟಿತ್ತು. ಮೇಡಂ ಆ ಸಹಿಯನ್ನು ನೋಡಿದರು. ಬೇರೆಯವರು ಹಾಕಿದ್ದರೆ ವಾದ ಮಾಡಬಹುದಿತ್ತು. ಈ ಸಹಿ ಇಲ್ಲಿಯತನಕ ತಪ್ಪಿದ್ದೇ ಇಲ್ಲವಲ್ಲ!

ಅತ್ತೆ ಮೂಲೆಯಿಂದ ಅಂದರು. "ಈ ಮನೆಗೆ ಬರೋ ಮುಂಚೆ ಇಂಥದೊಂದು ಕಾಗದ ಬರೆದಿದ್ರೆ, ಪಾಪ ನನ್ನ ಮಗ ಹಾಗೇ ಉಳೀತಿದ್ದ."

"ಬರೆದಿದ್ದೆ ಅತ್ತೆ."

ಅತ್ತೆ ಮೂಲೆಯಿಂದ ಎದ್ದು ಮೇಜಿನ ಹತ್ತಿರ ಬಂದರು. "ಎಷ್ಟು ಸಾಲು?"

"ಹನ್ನೊಂದು."

"ಅದರಲ್ಲಿ ನಾನು ಎಷ್ಟನೇದು?"

"ಮೊದಲಿನ ಮೂರು."

ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಹೊರಗೆ ಹೋದರು. ಅತ್ತೆ ಮಾತ್ರ ಆವತ್ತು ಯಾಕೋ ಖುಷಿಯಲ್ಲಿದ್ದರು. ಸೊಸೆಗೆ ತಾವೇ ಕಾಫಿ ಮಾಡಿಕೊಟ್ಟು, "ಬೇಡ ಅಂತ ಬರೆದೂ ಬಂದೆಯಲ್ಲ ಮತ್ತೆ" ಎಂದರು. ಸೊಸೆಗೆ ಆ ಮಾತು ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ.

ವಿಭಾಗದ ಮುಖ್ಯಸ್ಥರು ಒಳ್ಳೆಯವರು. ಅದೇ ತೊಂದರೆಯಾದದ್ದು. "ಮೇಡಂ, ನಿಮ್ಮ ಪತ್ರ ನನ್ನ ಡ್ರಾಯರ್‌ನಲ್ಲೇ ಇದೆ" ಎಂದರು. "ಕಡೇ ದಿನ ಶುಕ್ರವಾರ ಐದು ಗಂಟೆಗೆ ಮೇಲಕ್ಕೆ ಕಳಿಸ್ತೀನಿ. ಅದಕ್ಕೆ ಒಂದು ನಿಮಿಷ ಮುಂಚೆ ಫೋನ್ ಮಾಡಿ ಬೇಡ ಅಂದ್ರೂ ಹರಿದು ಹಾಕ್ತೀನಿ. ಯಾಕೆ, ಏನು ಅಂತ ಒಂದು ಮಾತು ಕೇಳಲ್ಲ. ಕುರ್ಚಿ ರಿಪೇರಿ ಒಳ್ಳೇ ಹವ್ಯಾಸ. ಆದರೆ..."

ತಮ್ಮ 'ಆದರೆ' ಇನ್ನೊಬ್ಬರ ಬಾಯಲ್ಲಿ ಇಷ್ಟು ಕಹಿಯಾಗಿರುತ್ತದೆ ಎಂದು ಮೇಡಂಗೆ ಆವತ್ತೇ ಗೊತ್ತಾದದ್ದು. ಬಾಗಿಲು ಹಾಕಿಬಿಟ್ಟಿದ್ದರೆ ಬೆನ್ನು ತಿರುಗಿಸಿ ನಡೆಯಬಹುದಿತ್ತು. ಅರೆತೆರೆದ ಬಾಗಿಲ ಮುಂದೆ ಎರಡು ತಿಂಗಳು ನಿಲ್ಲುವುದು ಹೇಗೆ? ಸ್ನಾನ ಮಾಡುವಾಗ ಒಂದು ನಿರ್ಧಾರ, ತಲೆ ಒರೆಸಿಕೊಳ್ಳುವಾಗ ಇನ್ನೊಂದು. ಬಸ್ಸಿನಲ್ಲಿ ಫೋನು ಕೈಗೆ ತಗೊಳ್ಳುವರು, ಇಳಿಯುವಾಗ ಚೀಲಕ್ಕೆ ಹಾಕುವರು.

ಆ ನಡುವೆಯೇ ಈ ಓದುವ ಕೋಣೆಯ ಕೆಲಸ ಬಂತು. ನಲವತ್ತು ಕುರ್ಚಿ. ಮುಚ್ಚಿಹೋದ ಛಾಪಖಾನೆಯೊಂದರ ಹಿಂದೆ ಒಂದು ಶೆಟರಿನ ಮಳಿಗೆ ಹಿಡಿದಿದ್ದರು. ಗೋಡೆಯಲ್ಲಿ ಇನ್ನೂ ಶಾಯಿಯ ವಾಸನೆ. ಪ್ರತಿ ಕುರ್ಚಿಯ ಕೆಳಗೂ ಸೀಮೆಸುಣ್ಣದಿಂದ ನಂಬರು ಬರೆದರು. ಇಪ್ಪತ್ತೆಂಟಕ್ಕೆ ಹೊಸ ಕಂಬ ಹಾಕಿದರು. ಉಳಿದ ಹನ್ನೆರಡರಲ್ಲಿ ಹಳೆಯ ಕಂಬವೇ ಗಟ್ಟಿಯಾಗಿತ್ತು. ಗಟ್ಟಿ ಎಂದು ತೀರ್ಮಾನಿಸಿದ್ದು ಹೇಗೆಂದರೆ, ಒಂದೊಂದರ ಮೇಲೂ ತಾವೇ ಗಡಿಯಾರ ಇಟ್ಟುಕೊಂಡು ಐದೈದು ನಿಮಿಷ ಕೂತು ನೋಡಿದ್ದರು. ಕೂದಲೆಳೆಯಷ್ಟೂ ಇಳಿಯಲಿಲ್ಲ. ಗಟ್ಟಿಯಾಗಿರುವುದನ್ನು ಕಿತ್ತು ಹಾಕುವುದು ಅವರ ಮನಸ್ಸಿಗೆ ಒಪ್ಪಲಿಲ್ಲ.

ಆದರೂ ಪಟ್ಟಿಯ ಇಪ್ಪತ್ತಾರನೆಯ ಸಾಲು ಬಿಡಬೇಕಲ್ಲ: 'ಒಳ್ಳೆಯದೆಂದು ಬಿಟ್ಟದ್ದು ಕೆಟ್ಟರೆ?' ಹೊಸ ಕಂಬ ಹನ್ನೆರಡು ಹೆಚ್ಚಿಗೆ ತರಿಸಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಗಂಡನ ಹಳೇ ಕಾರಿನ ಹಿಂದೆ ತುಂಬಿದ್ದರು.

"ಕೆಟ್ಟಿದ್ದಕ್ಕೆ ಹಾಕಿದ್ದಾಯ್ತು. ಕೆಡದೇ ಇರೋದಕ್ಕೂ ತರಿಸಿದ್ದೀಯಲ್ಲ, ಇದು ಯಾವ ಲೆಕ್ಕ?" ಎಂದಿದ್ದರು ಮೇಷ್ಟ್ರು.

"ಲೆಕ್ಕ ಅಲ್ಲ ರೀ. ಭಯ."

ಈಗ ಶುಕ್ರವಾರ ಮಧ್ಯಾಹ್ನ, ಉಳಿದಿದ್ದ ಅರ್ಧ ದಿನದ ರಜೆ ಹಾಕಿ, ತಾವು ರಿಪೇರಿ ಮಾಡಿದ ಕುರ್ಚಿಗಳ ಮೇಲೆ ಜನ ಕೂರುವುದನ್ನು ನೋಡಲು ಬಂದಿದ್ದರು. ಮೊದಲ ತುತ್ತಿಗೇ ಕಲ್ಲು ಸಿಕ್ಕಿತ್ತು.

ಗ್ರಂಥಪಾಲಕರು ನಗು ತಡೆದುಕೊಂಡು, ಸಭೆಯಿಂದ ಇನ್ನೊಂದು ಕುರ್ಚಿ ತರಿಸಿ ಅತಿಥಿಯನ್ನು ಕೂರಿಸಿದರು. ಮೇಡಂ ಉಸಿರು ಬಿಗಿಹಿಡಿದರು. ಒಂದು ಕೆಟ್ಟರೆ ಆಕಸ್ಮಿಕ, ಆಫೀಸಿನಲ್ಲೂ ಒಂದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅತಿಥಿ ಭಾಷಣ ಮುಗಿಸಿ ಬಂದು ಕೂತ. ವಂದನಾರ್ಪಣೆ ಶುರುವಾಯಿತು. ಅತಿಥಿಯ ಶರ್ಟಿನ ಜೇಬಿನಲ್ಲಿದ್ದ ಪೆನ್ನು ಮೇಜಿನ ಅಂಚಿನ ಮೇಲೆ ಕಾಣುತ್ತಿತ್ತು. ಮೇಡಂ ಆ ಪೆನ್ನಿನ ಮೇಲೆ ಕಣ್ಣಿಟ್ಟರು. ಪೆನ್ನು ಸೂರ್ಯನಂತೆ ನಿಧಾನವಾಗಿ ಅಸ್ತವಾಯಿತು.

ಈ ಸಲ ಜನ ನಗಲಿಲ್ಲ. ತಮ್ಮ ತಮ್ಮ ಕುರ್ಚಿಗಳನ್ನು ಮುಟ್ಟಿ ನೋಡಿಕೊಂಡರು. ಅದು ನಗುವಿಗಿಂತ ಕೆಟ್ಟದ್ದು.

ಸಭೆ ಕರಗಿದ್ದೇ ಗ್ರಂಥಪಾಲಕರು ನೇರ ಹಿಂದಿನ ಗೋಡೆಗೆ ಬಂದರು. "ಏನಮ್ಮಾ ಇದು? ಸೋಮವಾರ ಬಾಗಿಲು ತೆಗೀಬೇಕು. ನಲವತ್ತೂ ಹೀಗೇನಾ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ? ಮಾಡಿದೋರು ನೀವು."

"ಹೌದು ಸಾರ್. ಎರಡು ನಿಮಿಷ ಕೊಡಿ."

ಜಗಲಿಗೆ ಬಂದರು. ಮೂರೂ ಐವತ್ತೈದು. ಫೋನಿನಲ್ಲಿ ಮುಖ್ಯಸ್ಥರ ಹೆಸರು ತೆಗೆದರು. ಹೆಬ್ಬೆರಳು ಅದರ ಮೇಲೆ ನಿಂತಿತು. 'ಈ ಕೆಲಸ ಬರದೇ ಇದ್ದರೆ?' ಎನ್ನುವ ಒಂಬತ್ತು, ಹದಿನೇಳು, ಇಪ್ಪತ್ತೆರಡು ಮೂರೂ ಸಾಲುಗಳು ಒಂದರ ಕೈ ಒಂದು ಹಿಡಿದುಕೊಂಡು ಕಣ್ಣ ಮುಂದೆ ಬಂದವು. ಏಳನೆಯ ಮಹಡಿಯಲ್ಲಿ ಅವರ ಮೇಜು ಹಾಗೇ ಇದೆ. ಸೋಮವಾರ ಹೋಗಿ ಕೂತರೆ ಯಾರೂ ಒಂದು ಮಾತು ಕೇಳುವುದಿಲ್ಲ. ಯಾರೋ ಏನೋ ಮಾಡಲು ಹೊರಟಿರುತ್ತಾರೆ, ಇವರು 'ಆದರೆ' ಎಂದು ಬರೆದರಾಯಿತು. ಬೆರಳು ಒತ್ತಿದರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಒತ್ತಿದರೆ ಇನ್ನು ಈ ಜನ್ಮದಲ್ಲಿ ಸುತ್ತಿಗೆ ಹಿಡಿಯುವುದಿಲ್ಲ ಎಂಬುದೂ ಅಷ್ಟೇ ಖಚಿತವಾಗಿತ್ತು.

ಅವರನ್ನು ಕಾರಿನಲ್ಲಿ ಕರೆತಂದು, ಜಗಲಿಯ ಕಿಟಕಿಯಿಂದಲೇ ಎಲ್ಲ ನೋಡಿದ್ದ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ಧೈರ್ಯ ಹೇಳುವ ಅಭ್ಯಾಸ ಅವರಿಗಿಲ್ಲ. ಪರೀಕ್ಷೆಯಲ್ಲಿ ಅಳುವ ಮಕ್ಕಳಿಗೂ ಅವರು 'ಪ್ರಶ್ನೆ ಇನ್ನೊಂದು ಸಲ ಓದು' ಎನ್ನುವುದಷ್ಟೇ.

"ಫೋನ್ ಮಾಡೋದಿದ್ರೆ ಮಾಡು. ನನ್ನದೇನೂ ತಕರಾರಿಲ್ಲ" ಎಂದರು. "ಇಳಿದಿದ್ದು ಎರಡು. ಅವೆರಡರ ನಂಬರ್ ಏನು?"

ಮೇಡಂ ಅವರನ್ನೇ ನೋಡಿದರು. ಫೋನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ವೇದಿಕೆಯ ಎರಡೂ ಕುರ್ಚಿಗಳನ್ನು ಮಗುಚಿ ಹಾಕಿದರು. ಏಳು. ಇಪ್ಪತ್ಮೂರು. ಎರಡಕ್ಕೂ ಹಳೆಯ ಕಂಬ. ಎರಡರ ಮೇಲೂ ಅವರು ಐದೈದು ನಿಮಿಷ ಕೂತಿದ್ದರು.

ಅತಿಥಿ ಇನ್ನೂ ಅಲ್ಲೇ ಇದ್ದ. ಎಲ್ಲರೂ ಹೋದ ಮೇಲೆ ಹೊರಬಿದ್ದರೆ ಮುಖ ತಪ್ಪಿಸಿಕೊಳ್ಳಬಹುದೆಂದು ಕಪಾಟಿನ ಮರೆಯಲ್ಲಿ ಪುಸ್ತಕ ನೋಡುವ ನಾಟಕ ಮಾಡುತ್ತಿದ್ದ. ಮೇಡಂ ಅವನ ಮುಂದೆ ಬಂದು ನಿಂತರು.

"ಸಾರ್, ತಪ್ಪು ತಿಳೀಬೇಡಿ. ನಿಮ್ಮ ತೂಕ ಎಷ್ಟು?"

"ಎಂಬತ್ತು. ಎಂಬತ್ತೆರಡು ಇರಬಹುದು."

"ನಿಜ ಹೇಳಿ ಸಾರ್. ಕುರ್ಚಿ ನನಗೆ ಆಗಲೇ ಹೇಳಿದೆ."

"ತೊಂಬತ್ತಾರು."

ಮೇಡಂ ಕಣ್ಣು ಮುಚ್ಚಿದರು. "ನಾನು ನಲವತ್ತನಾಲ್ಕು" ಎಂದರು, ಯಾರಿಗೂ ಅಲ್ಲದಂತೆ. ಕೂರುವವರು ತಮ್ಮಂತೆ ಇರುವುದಿಲ್ಲ ಎಂಬುದು ಮೂವತ್ತೊಂದು ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಪ್ರಪಂಚದಲ್ಲಿ ಕೆಡಬಹುದಾದ್ದನ್ನೆಲ್ಲ ಬರೆದಿದ್ದರು, ತಮ್ಮ ಮೈಯನ್ನು ಮಾತ್ರ ಮರೆತಿದ್ದರು.

"ನಿಮಗೆ ಒಂದು ಗಂಟೆ ಬಿಡುವಿದೆಯಾ ಸಾರ್? ನಲವತ್ತು ಕುರ್ಚಿಯ ಮೇಲೂ ಕೂರಬೇಕು."

ಅತಿಥಿಗೆ ಈ ವಯಸ್ಸಿನ ತನಕ ಯಾರೂ ಅವನ ತೂಕದಿಂದ ಉಪಕಾರ ಬೇಡಿರಲಿಲ್ಲ. ಕೂತ.

ಆಮೇಲೆ ನಡೆದದ್ದನ್ನು ಹೊರಗಿನವರು ನೋಡಿದ್ದರೆ ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. ಅತಿಥಿ ಕೂರುವನು. ಮೇಡಂ ನೆಲಕ್ಕೆ ಮಂಡಿಯೂರಿ ಸ್ಕೇಲು ಹಿಡಿದು ಕಂಬದ ಉದ್ದ ನೋಡುವರು. ಮೇಷ್ಟ್ರು ಗಡಿಯಾರ ನೋಡಿ "ಮುಗೀತು" ಎನ್ನುವರು. ಅತಿಥಿ ಎದ್ದು ಪಕ್ಕದ ಕುರ್ಚಿಗೆ. ಗ್ರಂಥಪಾಲಕರು ಕೈಕಟ್ಟಿ ನಿಂತು ನೋಡುತ್ತಿದ್ದರು. ಹೊಸ ಕಂಬದ ಕುರ್ಚಿಗಳನ್ನು ಬಿಟ್ಟುಬಿಡಬಹುದಿತ್ತು, ಮೇಡಂ ಬಿಡಲಿಲ್ಲ. ಹತ್ತು. ಹದಿನೈದು. ಪ್ರತಿ ಸಲ ಸ್ಕೇಲು ಇಟ್ಟಾಗ ಅಳತೆಯನ್ನು ಎರಡೆರಡು ಸಲ ಓದುತ್ತಿದ್ದರು. ಹೊಸದೊಂದು ಇಳಿದರೂ ಸಾಕು, ತಪ್ಪು ತೂಕದ್ದಲ್ಲ, ಕೈಯದ್ದು. ಇಪ್ಪತ್ತೆರಡನೆಯ ಸಾಲೇ ಸತ್ಯ.

ನಾಲ್ಕೂ ನಲವತ್ತಕ್ಕೆ ನಲವತ್ತೂ ಮುಗಿದವು. ಹೊಸ ಕಂಬದ ಇಪ್ಪತ್ತೆಂಟೂ ಕಲ್ಲಿನಂತೆ ನಿಂತಿದ್ದವು. ಹಳೆಯ ಹನ್ನೆರಡರಲ್ಲಿ ಏಳು ಇಳಿದಿದ್ದವು.

"ಐದು ಚೆನ್ನಾಗಿವೆಯಲ್ಲ" ಎಂದರು ಗ್ರಂಥಪಾಲಕರು, ಸ್ವಲ್ಪ ಮೆತ್ತಗಾಗಿ.

"ಇವರಿಗಿಂತ ದಪ್ಪ ಇರೋರು ಬಂದ್ರೆ?"

"ಇವರಿಗಿಂತಲಾ?" ಎಂದು ಗ್ರಂಥಪಾಲಕರು ಅತಿಥಿಯನ್ನು ಮೇಲಿಂದ ಕೆಳಗೆ ನೋಡಿದರು. ಅತಿಥಿ ಹೊಟ್ಟೆ ಒಳಗೆಳೆದುಕೊಂಡ.

"ಹನ್ನೆರಡೂ ಬದಲಾಯಿಸ್ತೀನಿ. ರೀ, ಡಬ್ಬಿ ತನ್ನಿ, ಸಾಮಾನಿನ ಚೀಲಾನೂ."

ಮೇಷ್ಟ್ರು ಕಾರಿನತ್ತ ಓಡಿದರು. ಮಗುಚಿದ ಕುರ್ಚಿಯ ಮುಂದೆ ಮೇಡಂ ಕೂತರು. ಪಾನ ಹಾಕಿ ತಿರುಗಿಸಿ, ಸುತ್ತಿಗೆಯಿಂದ ನಾಲ್ಕು ಬಡಿದು, ಹಳೆಯ ಕಂಬ ಕಿತ್ತು, ಹೊಸದಕ್ಕೆ ಗ್ರೀಸ್ ಸವರಿ ಕೂರಿಸಿದರು. ಒಂದಾಯಿತು. ಎರಡಾಯಿತು. ಮೂರನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಣೆಗೆ ಗ್ರೀಸ್ ಹತ್ತಿತು.

ನಾಲ್ಕೂ ಐವತ್ತೆರಡಕ್ಕೆ ಕಿಟಕಿಯ ಕಟ್ಟೆಯ ಮೇಲೆ ಫೋನು ಹೊಡೆದುಕೊಂಡಿತು. ಮುಖ್ಯಸ್ಥರು. ಒಳ್ಳೆಯವರು ಎಂದೆನಲ್ಲ, ತಾವಾಗಿಯೇ ಮಾಡಿದ್ದರು. ನಾಲ್ಕು ಜನರೂ ಫೋನಿನತ್ತ ತಿರುಗಿದರು. ಅದು ಕಟ್ಟೆಯ ಮೇಲೆ ನಡುಗುತ್ತ ನಡುಗುತ್ತ ಅಂಚಿಗೆ ಬಂತು, ನಿಂತಿತು. ಮತ್ತೆ ಹೊಡೆದುಕೊಂಡಿತು.

ಮೇಷ್ಟ್ರು ಅದನ್ನು ಎತ್ತಿಕೊಂಡು ಹೆಂಡತಿಯ ಹತ್ತಿರ ಬಂದರು. "ನಾನು ಕಿವಿಗೆ ಹಿಡೀಲಾ?"

ಮೇಡಂ ಫೋನು ನೋಡಿದರು. ಕೈಯಲ್ಲಿದ್ದ ಕಂಬ ನೋಡಿದರು.

"ಕುರ್ಚಿ ಹಿಡೀರಿ" ಎಂದರು. "ಅಲ್ಲಾಡ್ತಾ ಇದೆ."

ಮೇಷ್ಟ್ರು ಫೋನು ಜೇಬಿಗೆ ಹಾಕಿ ಕುರ್ಚಿ ಹಿಡಿದರು. ಜೇಬಿನೊಳಗೆ ಅದು ಇನ್ನೊಂದು ಸಲ ಗುಂಯ್‌ಗುಟ್ಟಿ ಸುಮ್ಮನಾಯಿತು. ಓದುವ ಕೋಣೆಯ ಗಡಿಯಾರ ಗಂಟೆ ಬಾರಿಸುವಂಥದ್ದಲ್ಲ. ಏಳನೆಯ ಕಂಬ ಹೊಕ್ಕಾಗ ಅತಿಥಿ ತಲೆಯೆತ್ತಿ ನೋಡಿದ. ಐದೂ ಆರು.

ಹನ್ನೆರಡೂ ಮುಗಿದು, ಅತಿಥಿ ಹನ್ನೆರಡರ ಮೇಲೂ ಕೂತೆದ್ದ ಮೇಲೆ, ಗ್ರಂಥಪಾಲಕರು ಕಟ್ಟಿದ್ದ ಕೈ ಬಿಚ್ಚಿದರು. "ಒಳಗಡೆ ನನ್ನ ಕುರ್ಚಿ ಒಂದಿದೆ. ಹಿಂದಕ್ಕೆ ಒರಗಿದ್ರೆ ಎತ್ತಿ ಬಿಸಾಕುತ್ತೆ. ಅದನ್ನೂ ಒಂಚೂರು ನೋಡಿಬಿಡೀಮ್ಮಾ" ಎಂದರು.

ಇದೆಲ್ಲ ಆಗಿ ಎಂಟು ತಿಂಗಳಾಯಿತು. ಊಟದ ಮೇಜಿನ ಪಟ್ಟಿ ಈಗ ಮಳಿಗೆಯ ಗೋಡೆಯ ಮೇಲಿದೆ. 'ಶಿಫಾರಸು: ಬೇಡ' ಹಾಗೇ ಇದೆ, ಸಹಿಯೂ ಇದೆ. ಅದರ ಕೆಳಗೆ ಜಾಗ ಮಾಡಿಕೊಂಡು ಮೂವತ್ತೆರಡನೆಯ ಸಾಲು ಬಂದಿದೆ: 'ಕೂತು ನೋಡಲು ದಪ್ಪ ಮನುಷ್ಯ ಸಿಗದಿದ್ದರೆ?' ಎದುರಿಗೆ ಅತಿಥಿಯ ಫೋನ್ ನಂಬರು. ಹದಿನೈದು ದಿನಕ್ಕೊಮ್ಮೆ ಅವನು ಹೋಗಿ, ರಿಪೇರಿಯಾದ ಕುರ್ಚಿಗಳ ಮೇಲೆ ಸಾಲಾಗಿ ಕೂತು ಬರುತ್ತಾನೆ. ಎಷ್ಟೋ ವೇದಿಕೆಗಳಲ್ಲಿ ಕೂತಿದ್ದಾನೆ, ಕೂತದ್ದರಿಂದ ಯಾರಿಗಾದರೂ ಉಪಯೋಗವಾದದ್ದು ಇಲ್ಲೇ.

ಮೊನ್ನೆ ಹೀಗೇ ಕೂತಿದ್ದಾಗ, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇ ಬಿಟ್ಟ. "ಮೇಡಂ, ಇಪ್ಪತ್ತೊಂದು ವರ್ಷದ ನೌಕರಿ. ಎಂಟು ನಿಮಿಷ ಬಾಕಿ ಇತ್ತು. ಫೋನ್ ಎತ್ತದೆ ಇರೋ ಧೈರ್ಯ ಅದೆಲ್ಲಿಂದ ಬಂತು ನಿಮಗೆ?"

ಮೇಡಂ ಸ್ಕೇಲಿನಿಂದ ಕಣ್ಣು ತೆಗೆಯಲಿಲ್ಲ.

"ಧೈರ್ಯ ಎಲ್ಲಿ ಬಂತು ಸಾರ್," ಎಂದರು. "ಕೈಯೆಲ್ಲ ಗ್ರೀಸ್ ಆಗಿತ್ತು."